ಬಿಳಲು, ಹುತ್ತ, ದಂಟು: ಗುಹೆಗೆ ಕನ್ನಡ ಹುಡುಕಿದ ಕತೆ

"ನಿನಗೊಂದು ಸಣ್ಣ ಕೆಲಸ ಉಂಟು ಮಾರಾಯ್ತಿ" ಅಂತ ಗೆಳತಿ ಫೋನು ಮಾಡಿದಾಗಲೇ ನಾನು ಎಚ್ಚರ ಆಗಬೇಕಿತ್ತು. ಅವಳು ಬದಿಯಡ್ಕದ ಕಡೆ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ಪಾಠ ಮಾಡುವ ಟೀಚರ್. ನಾನು ಮನೆಯಲ್ಲಿ ಕೂತು ಕರಡು ತಿದ್ದುವವಳು. ಅವಳ ಸಣ್ಣ ಕೆಲಸಗಳು ಇಷ್ಟರವರೆಗೆ ಒಂದೂ ಸಣ್ಣದಾಗಿರಲಿಲ್ಲ.

ಕೆಲಸ ಇದು. ಗುಹೆಯ ಒಳಗೆ ಏನೇನಿರುತ್ತದೆ ಅಂತ ತೋರಿಸುವ ಒಂದು ದೊಡ್ಡ ಚಾರ್ಟು. ಚಿತ್ರ ಅವಳ ಹತ್ತಿರ ತಯಾರಿದೆ. ಅದರಲ್ಲಿ 22 ಹೆಸರುಗಳು, ಎಲ್ಲ ಇಂಗ್ಲಿಷಿನಲ್ಲಿ. ಜೂನಿನಲ್ಲಿ ಶಾಲೆ ಶುರುವಾಗುವ ಮೊದಲು ಅದಕ್ಕೆ ಕನ್ನಡ ಬೇಕು. "ಸ್ಟ್ಯಾಲಕ್ಟೈಟ್ ಯಾವುದು, ಸ್ಟ್ಯಾಲಗ್ಮೈಟ್ ಯಾವುದು ಅಂತ ಮಕ್ಕಳಿಗೆ ಹೇಳಿ ಹೇಳಿ ಈಗ ನನಗೇ ಅದಲುಬದಲು ಆಗ್ತದೆ" ಅಂದಳು.

ಇಂಗ್ಲಿಷಿನಲ್ಲಿ ಓದಿದವರಿಗೆ ಇದಕ್ಕೊಂದು ಉಪಾಯ ಇದೆ. ಮೊದಲನೆಯದರಲ್ಲಿ 'ಸಿ' ಅಕ್ಷರ ಬರುತ್ತದೆ, ಅದು ಸೀಲಿಂಗಿನ ಸಿ. ಅಂದರೆ ಗುಹೆಯ ಮಾಡಿನಿಂದ ತೂಗುವ ಕಲ್ಲು. ಎರಡನೆಯದರಲ್ಲಿ 'ಜಿ', ಗ್ರೌಂಡಿನ ಜಿ. ನೆಲದಿಂದ ಏಳುವ ಕಲ್ಲು. ಆದರೆ ಕನ್ನಡದಲ್ಲಿ ಬರೆದ ಕೂಡಲೇ ಆ ಸಿಯೂ ಇಲ್ಲ, ಜಿಯೂ ಇಲ್ಲ. ಒಂದರಲ್ಲಿ ಕ್ಟ, ಇನ್ನೊಂದರಲ್ಲಿ ಗ್ಮ. ಎರಡು ಒತ್ತಕ್ಷರ ನೋಡಿ ಮಗು ಮೇಲೆ ಕೆಳಗೆ ಅಂತ ಹೇಗೆ ಹೇಳುವುದು? ಮೂಲದಲ್ಲೂ ಎರಡಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಎರಡೂ ಬಂದದ್ದು 'ತೊಟ್ಟಿಕ್ಕು' ಅನ್ನುವ ಅರ್ಥದ ಗ್ರೀಕ್ ಮಾತಿನಿಂದ.

ಒಂದು ಸಂಜೆಯಲ್ಲಿ ಮುಗಿಸುತ್ತೇನೆ ಅಂತ ಕೂತೆ. ಹಿಂದಿಯವರು ಏನು ಮಾಡಿದ್ದಾರೆ ನೋಡೋಣ ಅಂತ ಹೋದರೆ ಆಶ್ಚುತಾಶ್ಮ, ನಿಶ್ಚುತಾಶ್ಮ ಅಂತ ಇತ್ತು. ಎರಡು ಸಲ ಗಟ್ಟಿಯಾಗಿ ಓದಿದೆ. ಅಡಿಗೆಮನೆಯಿಂದ ಅಮ್ಮ "ಶೀತ ಆಯ್ತಾ?" ಅಂತ ಕೇಳಿದರು. ನಾನೂ ಏನು ಕಡಿಮೆ ಇಲ್ಲ. ಅಧೋಲಂಬಿ ಶಿಲೆ, ಊರ್ಧ್ವಮುಖಿ ಶಿಲೆ ಅಂತ ಮಾಡಿ, ಉಳಿದ ಇಪ್ಪತ್ತಕ್ಕೂ ಅದೇ ಧಾಟಿಯಲ್ಲಿ ಬರೆದು ಕಳಿಸಿದೆ. ಗೆಳತಿಯ ಉತ್ತರ ಒಂದೇ ಸಾಲು: "ಇದು ಯೋಗಾಸನದ ಚಾರ್ಟಾ?"

ಸಿಟ್ಟು ಬಂತು. ಆಮೇಲೆ ನಗು ಬಂತು. ನಿಜ ಏನೆಂದರೆ, ನಾನು ಸುಣ್ಣದಕಲ್ಲಿನ ಗುಹೆಯನ್ನು ನೋಡಿಯೇ ಇರಲಿಲ್ಲ. ನೋಡದ ವಸ್ತುವಿಗೆ ಹೆಸರಿಡಲು ಹೊರಟಿದ್ದೆ.

ನಮ್ಮ ಕಾಸರಗೋಡಿನಲ್ಲಿ ಗುಹೆಗೆ ಮಾತಿನ ಬರ ಏನಿಲ್ಲ. ದೇವರ ಜೊತೆ ಸೇರಿದ್ದಾದರೆ ಗುಹೆ. ನೆಟ್ಟಣಿಗೆ ದೇವಸ್ಥಾನದ ಜೊತೆ ನಂಟಿರುವ ಜಾಂಬ್ರಿ ಗುಹೆಗೆ 12 ವರ್ಷಕ್ಕೊಮ್ಮೆ ಮಾತ್ರ ಒಳಗೆ ಹೋಗುವ ಕ್ರಮ. ಅದನ್ನು ಯಾರೂ ಬಿಲ ಅನ್ನುವುದಿಲ್ಲ. ಮುಳ್ಳುಹಂದಿಯದ್ದು, ಇಲಿಯದ್ದು ಮಾಟೆ. ಮರದ್ದಾದರೆ ಪೊಟರೆ. ಹಾವಿನದ್ದು ಬಿಲ. ನೆರೆಮನೆಯ ಮಲಯಾಳಿ ಅಜ್ಜಿ ಹುಲಿಯ ಗವಿಗೆ ಪುಲಿಮಡ ಅಂತಿದ್ದರು. ಗುಡ್ಡ ಕೊರೆದು ನೀರು ತರುವುದು ಸುರಂಗ. ಯಾರು ಒಳಗಿದ್ದಾರೆ ಅನ್ನುವುದರ ಮೇಲೆ ಹೆಸರು ಬದಲಾಗುತ್ತದೆ. ಆದರೆ ಒಳಗಿನ ಕಲ್ಲಿಗೆ ನಮ್ಮಲ್ಲಿ ಹೆಸರಿಲ್ಲ. ಯಾಕೆಂದರೆ ನಮ್ಮದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಊರು. ಮುರಕಲ್ಲಿನಲ್ಲಿ ಸುಣ್ಣ ಇಲ್ಲ. ಸುಣ್ಣ ಇಲ್ಲದೆ ಈ ತೂಗುವುದು, ಏಳುವುದು ಯಾವುದೂ ಇಲ್ಲ.

ಏಪ್ರಿಲಿನಲ್ಲಿ ಬೆಂಗಳೂರಿಗೆ ಹೇಗೂ ಹೋಗುವುದಿತ್ತು. ತಮ್ಮ ಅಲ್ಲಿದ್ದಾನೆ. "ಬೇಲಂ ಗುಹೆಗೆ ಹೋಗೋಣ" ಅಂದೆ. ಆಂಧ್ರದ ಸುಣ್ಣದಕಲ್ಲಿನ ಗುಹೆ ಅದು. "ಏಪ್ರಿಲಲ್ಲಿ? ರಾಯಲಸೀಮೆಗೆ?" ಅಂತ ಅವನು ನನ್ನ ಹಣೆ ಮುಟ್ಟಿ ನೋಡಿದ. ಆದರೂ ಕಾರು ತೆಗೆದ.

ತಾಡಿಪತ್ರಿ ದಾಟಿದ ಮೇಲೆ ದಾರಿಯ ಎರಡೂ ಬದಿ ಕಲ್ಲಿನ ಚಪ್ಪಡಿ. ಹೊಲದ ಬೇಲಿಗೂ ಚಪ್ಪಡಿ, ಮನೆಯ ಮಾಡಿಗೂ ಚಪ್ಪಡಿ. ತಮ್ಮ ಗಾಡಿ ನಿಧಾನ ಮಾಡಿ, "ಇದು ನಮ್ಮ ಅಡಿಗೆಕಟ್ಟೆಯ ಕಲ್ಲಲ್ವಾ?" ಅಂದ. ಹೌದು. ಕಡಪ ಕಲ್ಲು. ನಮ್ಮ ಮನೆಯಲ್ಲಿ ಗ್ಯಾಸ್ ಒಲೆ ಇಟ್ಟದ್ದು ಅದರ ಮೇಲೆಯೇ. ಅದು ಸುಣ್ಣದಕಲ್ಲು ಅಂತ ಓದಿದ್ದೆ, ಆದರೆ ತಲೆಗೆ ಹತ್ತಿರಲಿಲ್ಲ. ಈಗ ಹತ್ತಿತು. ಅಮ್ಮ ಲಿಂಬೆಹಣ್ಣು ಕೊಯ್ದು ಕವುಚಿ ಇಟ್ಟು ಮರೆತ ಜಾಗದಲ್ಲಿ ಒಂದು ಬಿಳಿಚಿದ ಉಂಗುರ ಉಳಿದಿದೆ. ಎಷ್ಟು ಉಜ್ಜಿದರೂ ಹೋಗಿಲ್ಲ. ಹೋಗುವುದಿಲ್ಲ ಕೂಡ. ಅದು ಕಲೆ ಅಲ್ಲ, ಕಲ್ಲು ಕರಗಿದ ಗುರುತು. ಗುಹೆ ಆಗುವುದೂ ಹೀಗೆಯೇ, ಲಿಂಬೆಹುಳಿಯ ಬದಲು ಮಳೆನೀರು. ಮಳೆನೀರು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಮಣ್ಣಿನಿಂದ, ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ತುಸು ಹುಳಿಯಾಗುತ್ತದೆ. ಆ ಸಪ್ಪೆ ಹುಳಿ ಬಿರುಕಿನಲ್ಲಿ ಇಳಿದು ಇಳಿದು, ಲಕ್ಷಾಂತರ ವರ್ಷ ಕಲ್ಲನ್ನು ತಿನ್ನುತ್ತದೆ.

ಬೇಲಂ ಇರುವುದು ಈಗಿನ ನಂದ್ಯಾಲ ಜಿಲ್ಲೆಯಲ್ಲಿ, ಮೊದಲು ಕರ್ನೂಲಿನಲ್ಲಿತ್ತು. ಗುಹೆ ಅಂದರೆ ಗುಡ್ಡದ ಬದಿಯಲ್ಲಿ ಬಾಯಿ ತೆರೆದಿರುತ್ತದೆ ಅಂತ ನಾನು ತಿಳಿದಿದ್ದೆ. ಇಲ್ಲಿ ಗುಡ್ಡವೇ ಇಲ್ಲ. ಚಪ್ಪಟೆ ಹೊಲ. ಅದರ ನಡುವೆ ಬಾವಿಯ ಹಾಗೆ ಮೂರು ಗುಂಡಿ. ನಡುವಿನ ಗುಂಡಿಗೆ ಮೆಟ್ಟಿಲು. ಇಳಿದ ಮೇಲೆ ಅಡ್ಡಕ್ಕೆ ದಾರಿ. ಬೇಲಂ ಅನ್ನುವ ಹೆಸರೂ 'ಬಿಲ'ದಿಂದಲೇ ಬಂದದ್ದು ಅಂತಾರೆ. ಅಂದರೆ ನಮ್ಮ ಹಾವಿನ ಬಿಲವೂ ಈ 3229 ಮೀಟರಿನ ಗುಹೆಯೂ ಹೆಸರಿನಲ್ಲಿ ಒಂದೇ.

ಗೈಡ್ ಐವತ್ತರ ಆಸುಪಾಸಿನವರು. ನಾವು ಕನ್ನಡ ಮಾತಾಡುವುದು ಕೇಳಿ, "ಕನ್ನಡ ಸ್ವಲ್ಪ ಸ್ವಲ್ಪ ವಸ್ತುಂದಿ ಮೇಡಂ" ಅಂದರು. ಬಳ್ಳಾರಿ, ಬೆಂಗಳೂರಿನ ಜನ ಬಂದು ಬಂದು ಕಲಿತದ್ದಂತೆ. ಲೆಕ್ಕ ಎಲ್ಲ ಬಾಯಿಪಾಠ. 1884ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದನ್ನು ನೋಡಿ ಬರೆದದ್ದು, ಆಮೇಲೆ ನೂರು ವರ್ಷ ಹೆಚ್ಚು ಯಾರೂ ಇತ್ತ ತಿರುಗದ್ದು, 1982 ಮತ್ತು 83ರಲ್ಲಿ ಗೆಬೌವರ್ ಅನ್ನುವ ಜರ್ಮನ್ ತಂಡ ಕಟ್ಟಿಕೊಂಡು ಬಂದು ಅಳತೆ ಮಾಡಿದ್ದು, 2002ರಲ್ಲಿ ಜನರಿಗೆ ತೆರೆದದ್ದು. ನೋಡಲು ಬಿಟ್ಟಿರುವುದು ಒಂದೂವರೆ ಕಿಲೋಮೀಟರಿನಷ್ಟು ದಾರಿ.

ಒಳಗೆ ತಂಪಿರುತ್ತದೆ ಅಂತ ಶಾಲು ಹೊದ್ದು ಹೋಗಿದ್ದೆ. ಹತ್ತು ನಿಮಿಷದಲ್ಲಿ ಶಾಲು ತಮ್ಮನ ಹೆಗಲಿಗೆ ಹೋಯಿತು. ಗಾಳಿ ಊದುವ ಯಂತ್ರ ಅಲ್ಲಲ್ಲಿ ಇಟ್ಟಿದ್ದಾರೆ, ಆದರೂ ಸೆಕೆ. ಹಬೆಯಾಡುವ ಇಡ್ಲಿ ಅಟ್ಟದೊಳಗೆ ನಡೆದ ಹಾಗೆ. ಕೈಯಲ್ಲಿ ಹಿಡಿದಿದ್ದ 22 ಹೆಸರಿನ ಹಾಳೆ ಬೆವರಿಗೆ ಒದ್ದೆಯಾಗಿ ಶಾಯಿ ಹರಡಿತು. ಅಧೋಲಂಬಿ ಅಳಿಸಿಹೋಯಿತು. ಒಳ್ಳೆಯದೇ ಆಯಿತು ಅನ್ನಿ.

ಮೊದಲು ಕಣ್ಣಿಗೆ ಬಿದ್ದದ್ದು ಗೋಡೆ. ಕರಿಕಲ್ಲಿನ ಮೇಲೆ ಸಣ್ಣ ಸಣ್ಣ ಗುಳಿ, ಎಳನೀರು ಬೊಂಡದ ತಿರುಳನ್ನು ಚಮಚದಲ್ಲಿ ಎಬ್ಬಿದ ಹಾಗೆ. ಚಾರ್ಟಿನಲ್ಲಿ ಇದು ಸ್ಕ್ಯಾಲಪ್. ನೀರು ಹರಿದು ಕೊರೆದ ಗುರುತು. ಗುಳಿ ಸಣ್ಣದಾದಷ್ಟು ನೀರು ಜೋರಾಗಿ ಹರಿದಿತ್ತು ಅಂತ ಲೆಕ್ಕ, ದೊಡ್ಡದಾದರೆ ನಿಧಾನ. ನದಿ ಹೋಗಿ ಎಷ್ಟೋ ಕಾಲವಾಯಿತು. ಅದರ ವೇಗ ಮಾತ್ರ ಗೋಡೆಯಲ್ಲಿ ಉಳಿದಿದೆ. ತಮ್ಮ ಅದನ್ನು ಸವರಿ ನೋಡಲು ಹೋದ. ಗೈಡ್ ತಡೆದರು. ಕೈಯ ಎಣ್ಣೆಜಿಡ್ಡು ಹತ್ತಿದರೆ, ಬೆಳೆಯುತ್ತಿರುವ ಕಲ್ಲಾದರೆ ಅಲ್ಲಿಗೆ ಬೆಳೆಯುವುದು ನಿಲ್ಲುತ್ತದೆ.

ಕೋಟಿಲಿಂಗಾಲು ಅನ್ನುವ ಜಾಗದಲ್ಲಿ ಸಾವಿರಾರು ಕಲ್ಲುಗಳು ಲಿಂಗದ ಹಾಗೆ ಸಾಲುಗಟ್ಟಿವೆ. ಅಲ್ಲೇ ಮೇಲಿನದ್ದೂ ಕೆಳಗಿನದ್ದೂ ಕೂಡಿ ಆದ ಒಂದು ದೊಡ್ಡ ಕಂಬ. ಸಪ್ತಸ್ವರ ಗುಹೆಯಲ್ಲಿ ಗೈಡ್ ಬೆರಳ ಗೆಣ್ಣಿನಿಂದ ತೂಗುವ ಕಲ್ಲಿಗೆ ಬಡಿದು ನಾದ ಕೇಳಿಸಿದರು. ಮುಟ್ಟಬಾರದು ಅಂದವರು ಬಡಿಯಬಹುದಾ ಅಂತ ಕೇಳಬೇಕೆಂದಿದ್ದೆ, ಬಿಟ್ಟೆ. ಪಾತಾಳಗಂಗೆ ಎಲ್ಲಕ್ಕಿಂತ ಆಳದ ಜಾಗ, 46 ಮೀಟರ್. ಅಲ್ಲಿ ನೀರಿನ ಸದ್ದು.

ನನಗೆ ಬೇಕಾದದ್ದು ಸಿಕ್ಕಿದ್ದು ಬೇರೆ ಕಡೆ. ಒಂದು ಕಂಬದ ಬುಡದಲ್ಲಿ ನಿಲ್ಲಿಸಿ, "ಮೇಲೆ ನೋಡಿ ಮೇಡಂ. ಊಡಲ ಮರ್ರಿ" ಅಂದರು. ಕತ್ತೆತ್ತಿದೆ. ದಪ್ಪ ಕಂಬ ಮೇಲೆ ಹೋಗುತ್ತಾ ಅಗಲವಾಗಿ, ಮಾಡಿನ ತುಂಬ ಹರಡಿ, ಅಲ್ಲಿಂದ ಉದ್ದದ್ದು, ಗಿಡ್ಡದ್ದು, ಬೆರಳಷ್ಟು, ತೋಳಷ್ಟು ಕಲ್ಲುಗಳು ಇಳಿಬಿದ್ದಿವೆ. ಮರ್ರಿ ಅಂದರೆ ಆಲದ ಮರ ಅಂತ ಗೊತ್ತಿತ್ತು. ಊಡಲು?

"ಅದೇ ಮೇಡಂ, ಮೇಲಿನಿಂದ ಬರ್ತದಲ್ಲ ಬೇರು. ಮಕ್ಕಳು ಹಿಡಿದು ಜೋಕಾಲಿ ಆಡ್ತಾರೆ."

ಬಿಳಲು!

ತಲೆ ಎತ್ತಿದ ರಭಸಕ್ಕೆ ಹಿಂದೆ ಬಾಗಿದ್ದ ಕಲ್ಲಿಗೆ ತಲೆ ತಾಗಿತು. ನೋವು ಆಮೇಲೆ ಗೊತ್ತಾಯಿತು. ಬಿಳಲು ಅನ್ನುವ ಮಾತು ಎಷ್ಟು ಸರಿ ಕೂರುತ್ತದೆ ನೋಡಿ. ಬಿಳಲು ಮೇಲಿನಿಂದ ಕೆಳಗೆ ಬರುತ್ತದೆ, ಯಾವ ಮಗುವಿಗೂ ಅನುಮಾನ ಇಲ್ಲ. ತುದಿಯಲ್ಲಿ ಬೆಳೆಯುತ್ತದೆ, ಈ ಕಲ್ಲೂ ಹಾಗೆಯೇ. ಬಿಳಲು ನೆಲ ಮುಟ್ಟಿದರೆ ಕಂಬವಾಗುತ್ತದೆ. ಇದೂ ಅಷ್ಟೆ. ಬಿಳಲುಗಲ್ಲು. ಸ್ಟ್ಯಾಲಕ್ಟೈಟಿನ ಜಾಗದಲ್ಲಿ ಅದನ್ನು ಬರೆದೆ. ಶಾಯಿ ಹರಡಿದ ಹಾಳೆಯಲ್ಲಿ ಮೊದಲ ಸಲ ಒಂದು ಮಾತು ಮಾತಿನ ಹಾಗೆ ಕಂಡಿತು.

ಕೆಳಗಿನಿಂದ ಏಳುವುದಕ್ಕೆ ತಮ್ಮನೇ ಹೇಳಿದ. "ಹುತ್ತದ ಹಾಗೆ ಉಂಟು." ಮೇಲಿನ ಹನಿ ಬಿದ್ದು ಸಿಡಿಯುವ ಕಾರಣ ಅದರ ತಲೆ ಮೊಂಡು, ಮೈ ದಪ್ಪ. ಹುತ್ತಗಲ್ಲು ಅಂತ ಆಯಿತು. ನಾಗನ ಕಲ್ಲು ಅಂತ ಯಾರಾದರೂ ಅಪಾರ್ಥ ಮಾಡಿಯಾರು ಅಂತ ಒಂದು ಅಳುಕು ಇತ್ತು. ಇರಲಿ, ಕೈ ಮುಗಿದರೆ ಮುರಿಯುವುದಿಲ್ಲವಲ್ಲ.

ವಾಪಸು ಬರುವಾಗ ತಮ್ಮ ಒಂದು ಲೆಕ್ಕ ಕೇಳಿದ. ಬೆರಳುದ್ದದ ಬಿಳಲಿಗೆ ಎಷ್ಟು ವರ್ಷ? ಗುಹೆಯಿಂದ ಗುಹೆಗೆ ಬದಲಾಗುತ್ತದೆ, ಸಾವಿರ ವರ್ಷಕ್ಕೆ ಹತ್ತು ಸೆಂಟಿಮೀಟರು ಬೆಳೆದರೆ ಸಾಕಷ್ಟು ಆಯಿತು. ಹನಿ ಮಾಡಿನಿಂದ ತೂಗುವಾಗ ಅದರಲ್ಲಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಹುಳಿ ಕಡಿಮೆಯಾದ ನೀರಿಗೆ ಸುಣ್ಣವನ್ನು ಹಿಡಿದಿಡಲು ಆಗುವುದಿಲ್ಲ. ಹನಿಯ ಸುತ್ತ ಒಂದು ಉಂಗುರ ಬಿಡುತ್ತದೆ. ಉಂಗುರದ ಮೇಲೆ ಉಂಗುರ. ಹಾಗಾಗಿ ಮೊದಲು ಆಗುವುದು ಟೊಳ್ಳು ಕೊಳವೆ, ಹನಿಯಷ್ಟೇ ದಪ್ಪ, ಸುಮಾರು ಐದು ಮಿಲಿಮೀಟರು. ಒಳಗಿನ ತೂತು ಮುಚ್ಚಿ ನೀರು ಹೊರಮೈಯಲ್ಲಿ ಇಳಿಯತೊಡಗಿದ ಮೇಲೆ ಅದು ದಪ್ಪ ಬಿಳಲಾಗುತ್ತದೆ. ಆ ಕೊಳವೆಗೆ ಇಂಗ್ಲಿಷಿನಲ್ಲಿ ಸೋಡಾ ಸ್ಟ್ರಾ. ಆಗ ಆ ಸಾಲನ್ನು ಖಾಲಿ ಬಿಟ್ಟೆ.

ಊರಿಗೆ ಬಂದು ಎರಡು ವಾರಕ್ಕೆ ಬಾಯಾರಿನ ದೊಡ್ಡಪ್ಪನ ಫೋನು. "ಸುರಂಗದ ಕೆಸರು ತೆಗೆಸ್ತಾ ಇದ್ದೇನೆ. ನೀನು ಎಂತದೋ ಗುಹೆ ಗುಹೆ ಅಂತ ತಿರುಗ್ತೀಯಂತೆ. ಮನೆಯದ್ದನ್ನು ಯಾವಾಗ ನೋಡುವುದು?" ಮಾತಿನಲ್ಲಿ ಚುಚ್ಚು ಇತ್ತು. ಚಿಕ್ಕಂದಿನಿಂದ ಆ ಸುರಂಗದ ನೀರು ಕುಡಿದಿದ್ದೇನೆ. ಒಳಗೆ ಹತ್ತು ಹೆಜ್ಜೆಗಿಂತ ಆಚೆ ಹೋಗಿರಲಿಲ್ಲ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುರಂಗ ಅಂದರೆ ಅಡ್ಡಬಾವಿ. ಗುಡ್ಡದ ಬದಿಗೆ ಒಬ್ಬ ಮನುಷ್ಯ ನಿಲ್ಲುವಷ್ಟು ಎತ್ತರ, ಹೆಗಲು ತಾಗುವಷ್ಟು ಅಗಲಕ್ಕೆ ಕೊರೆಯುತ್ತಾ ಹೋಗುವುದು. ಮೇಲೆ ಮುರಕಲ್ಲು, ತೂತು ತೂತು, ಮಳೆನೀರು ಇಳಿಯುತ್ತದೆ. ಕೆಳಗೆ ಶೇಡಿ, ಅಂದರೆ ಬಿಳಿ ಜೇಡಿ, ನೀರನ್ನು ತಡೆಯುತ್ತದೆ. ಇವೆರಡರ ನಡುವೆ ಒಸರು ಸಿಕ್ಕಿದರೆ ಗೆದ್ದ ಹಾಗೆ. ನೆಲ ತುಸು ಹೊರಗೆ ಇಳಿಜಾರು ಇರುತ್ತದೆ. ನೀರು ತಾನೇ ನಡೆದು ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಮೊದಲು ಅಡಿಕೆ ಮರದ ದಂಬೆಯಲ್ಲಿ ಅಂಗಳಕ್ಕೆ ತರುತ್ತಿದ್ದರು, ಈಗ ಪೈಪು. ಬಾಯಾರು ಒಂದೇ ಊರಲ್ಲಿ ಇಂಥವು ನೂರಾರಿವೆ. ಇಲ್ಲೇ ಗಡಿಯಾಚೆ ಅಡ್ಯನಡ್ಕದ ಹತ್ತಿರದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ತೋಟ ಮಾಡಿದ್ದಕ್ಕೆ. ಅವರು ಮೊದಲು ಕೊರೆದ ಸುರಂಗಗಳಲ್ಲಿ ನೀರೇ ಸಿಕ್ಕಿರಲಿಲ್ಲ.

ಕೆಸರು ತೆಗೆಯಲು ಬಂದಿದ್ದ ಅಣ್ಣನಿಗೆ ಅರವತ್ತು ದಾಟಿರಬಹುದು. ಮಾತು ತುಳು. ಒಂದು ಪಿಕ್ಕಾಸು, ಒಂದು ಬುಟ್ಟಿ, ಒಂದು ಮೇಣದಬತ್ತಿ. ಟಾರ್ಚ್ ನನ್ನ ಕೈಯಲ್ಲಿತ್ತು, ಆದರೂ ಬತ್ತಿ ಹಚ್ಚಿದರು. "ಟಾರ್ಚ್ ದಾರಿ ತೋರಿಸ್ತದೆ ಅಕ್ಕಾ. ಉಸಿರು ಉಂಟಾ ಇಲ್ವಾ ಅಂತ ಹೇಳುವುದು ಬತ್ತಿ." ಬತ್ತಿ ಮಂಕಾದರೆ ತಿರುಗುವುದು. ಚರ್ಚೆ ಇಲ್ಲ.

"ಬಲೆ ಅಕ್ಕಾ", ಬನ್ನಿ ಅಂತ ಮುಂದೆ ನಡೆದರು. ಸೊಂಟಕ್ಕೆ ಸೆರಗು ಬಿಗಿದು ಹಿಂದೆ ಹೋದೆ. ಪಾದ ಮುಳುಗುವಷ್ಟು ನೀರು, ತಣ್ಣಗೆ. ಬೇಲಂನ ಸೆಕೆ ನೆನಪಾಗಿ ನಗು ಬಂತು. ನಾಲ್ಕು ಬಾವಲಿ ಕಿವಿಯ ಪಕ್ಕದಲ್ಲೇ ಹೊರಗೆ ಹೋದವು. ಗೋಡೆಯ ತುಂಬ ಪಿಕ್ಕಾಸಿನ ಗೀರು. ಎಲ್ಲವೂ ಒಂದೇ ಕಡೆಗೆ ಓರೆ. ಅಜ್ಜನ ಕಾಲದಲ್ಲಿ ಕೊರೆದದ್ದು. "ಇದನ್ನು ಕೊರೆದವ ಎಡಗೈಯವ" ಅಂದರು ಅಣ್ಣ. ಅಲ್ಲಿ ನೀರಿನ ವೇಗ, ಇಲ್ಲಿ ಮನುಷ್ಯನ ಕೈ. ಮನೆಯಲ್ಲಿ ಯಾರಿಗೂ ಈ ಎಡಗೈಯವನ ಹೆಸರು ಗೊತ್ತಿಲ್ಲ.

ಅವರು ಉದ್ದ ಹೇಳುವುದು ಕೋಲಿನಲ್ಲಿ. ಒಂದು ಕೋಲು ಸುಮಾರು ಎರಡೂವರೆ ಅಡಿ. ದೊಡ್ಡಪ್ಪನ ಸುರಂಗ 52 ಕೋಲು. ಮೂವತ್ತನೇ ಕೋಲಿನಲ್ಲಿ ಕವಲು. ಎಡದ್ದು ಒಣ, ಬಲದ್ದು ಒಸರು. ಬಾಯಿ, ಕವಲು, ಒಸರು: ಅವರ ಪ್ರತಿ ಮಾತೂ ಮನುಷ್ಯನ ಮೈಯಿಂದಲೋ ಮರದಿಂದಲೋ ಬಂದದ್ದು. ಒಂದು ಕಡೆ ಗೋಡೆಗೆ ಅಂಗೈ ಒತ್ತಿ, "ಇಲ್ಲಿಂದ ಕಲ್ಲು ಬೆವರ್ತದೆ" ಅಂದರು. ನಾನೂ ಒತ್ತಿದೆ. ಹನಿ ಇಲ್ಲ, ಆದರೆ ಕೈ ಒದ್ದೆ. ಅದರಾಚೆ ಗೋಡೆಯ ಮೇಲೆ ತುಕ್ಕಿನ ಬಣ್ಣದ ಲೋಳೆ. ಮುರಕಲ್ಲಿನ ಕಬ್ಬಿಣ ಅದು. ತೂಗುವುದು ಏನೂ ಇಲ್ಲ. ಗೊತ್ತಿದ್ದೂ ಟಾರ್ಚ್ ಮೇಲೆ ಬಿಟ್ಟು ಹುಡುಕಿದೆ.

"ಎಂತ ನೋಡ್ತೀರಿ?"

"ಮೇಲಿನಿಂದ ಬೆಳೆಯುವ ಕಲ್ಲು."

"ಕಲ್ಲು ಬೆಳೆದರೆ ನಾವು ಹೊರಗೆ ಹೋಗುವುದು ಹೇಗೆ?" ಅಂದರು. ಅಷ್ಟರಲ್ಲಿ ಬತ್ತಿ ಸ್ವಲ್ಪ ಮಂಕಾಯಿತು. 40 ಕೋಲಿಗೆ ನಮ್ಮ ಯಾತ್ರೆ ಮುಗಿಯಿತು. ಉಳಿದ 12 ಕೋಲನ್ನು ಅವರು ಮರುದಿನ ಬೆಳಿಗ್ಗೆ, ಗಾಳಿ ಬಂದ ಮೇಲೆ ಮಾಡಿದರಂತೆ.

ಹೊರಗೆ ಬಂದು ಟಾಂಕಿಯ ಬಳಿ ಕಾಲು ತೊಳೆಯುತ್ತಿದ್ದೆ. ಸುರಂಗದ ನೀರು ಬೀಳುವ ಟಾಂಕಿಗೆ ದೊಡ್ಡಪ್ಪ ಇಪ್ಪತ್ತು ವರ್ಷದ ಹಿಂದೆ ಸಿಮೆಂಟಿನ ಸ್ಲ್ಯಾಬ್ ಹಾಕಿಸಿದ್ದಾರೆ. ಬಗ್ಗಿದವಳು ಹಾಗೇ ನಿಂತೆ. ಸ್ಲ್ಯಾಬಿನ ಅಡಿಯಲ್ಲಿ, ಬಿರುಕಿನ ಉದ್ದಕ್ಕೆ, ಬಿಳಿ ಕೊಳವೆಗಳ ಒಂದು ಸಾಲು. ಹೆಬ್ಬೆರಳಷ್ಟು ಉದ್ದ. ಒಂದೊಂದರ ತುದಿಯಲ್ಲೂ ಒಂದೊಂದು ಹನಿ. ನಾನೂರು ಮೈಲಿ ದೂರ ಹೋಗಿ ಬೆವರು ಸುರಿಸಿ ನೋಡಿ ಬಂದದ್ದರ ತಮ್ಮ ಇಲ್ಲೇ ಕೂತಿದ್ದ.

ಇದು ಗುಹೆಯದ್ದೇ ಅಲ್ಲ, ಅದನ್ನು ಹೇಳಿಬಿಡಬೇಕು. ಸಿಮೆಂಟಿನೊಳಗಿನ ಸುಣ್ಣವನ್ನು ನೀರು ತೊಳೆದು ತರುತ್ತದೆ. ಹೊರಗೆ ಬಂದ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಕಲ್ಲಾಗುತ್ತದೆ. ಗುಹೆಯಲ್ಲಿ ಹನಿ ಬಿಟ್ಟುಕೊಡುವುದನ್ನು ಇಲ್ಲಿ ಹನಿ ತೆಗೆದುಕೊಳ್ಳುತ್ತದೆ. ಲೆಕ್ಕ ತಲೆಕೆಳಗು, ಆಗುವ ಕಲ್ಲು ಒಂದೇ. ಮತ್ತೆ ಇದು ಗುಹೆಯದ್ದಕ್ಕಿಂತ ನೂರಾರು ಪಟ್ಟು ಬೇಗ ಬೆಳೆಯುತ್ತದೆ. ಇಪ್ಪತ್ತು ವರ್ಷದ ಸ್ಲ್ಯಾಬಿನಲ್ಲಿ ಹೆಬ್ಬೆರಳುದ್ದ ಅದಕ್ಕೇ ಸಾಧ್ಯವಾದದ್ದು.

ಮಧ್ಯಾಹ್ನ ಊಟಕ್ಕೆ ಕೂತಾಗ ಹಾಳೆ ಹೊರಗೆ ಬಂತು. ದೊಡ್ಡಮ್ಮ ಬಡಿಸುತ್ತಾ, ದೊಡ್ಡಪ್ಪ ಮಜ್ಜಿಗೆ ಕಲಸುತ್ತಾ ಹೆಸರಿಡಲು ಶುರು ಮಾಡಿದರು. ಆ ಟೊಳ್ಳು ಕೊಳವೆಗೆ ದೊಡ್ಡಮ್ಮನದ್ದು ಒಂದೇ ಮಾತು: "ಬಪ್ಪಂಗಾಯಿ ಎಲೆಯ ದಂಟು." ಚಿಕ್ಕಂದಿನಲ್ಲಿ ಆ ಪಪ್ಪಾಯಿ ದಂಟಿನಲ್ಲಿ ನೀರು ಎಳೆದು ಕುಡಿಯದವರು ನಮ್ಮಲ್ಲಿ ಯಾರಿದ್ದಾರೆ? ದಂಟುಗಲ್ಲು ಆಯಿತು. ಇಳಿಜಾರು ಮಾಡಿನಲ್ಲಿ ನೀರು ಹರಿದು ತೆಳ್ಳಗೆ ಮಡಿಕೆಯಾಗಿ ತೂಗುವ ಕಲ್ಲಿಗೆ ಇಂಗ್ಲಿಷಿನಲ್ಲಿ ಕರ್ಟನ್. ಅದರಲ್ಲಿ ಕಬ್ಬಿಣದ ಕೆಂಪು ಗೆರೆ ಬಂದರೆ ಬೇಕನ್ ಅಂತಾರೆ, ಹಂದಿಮಾಂಸದ ಪಟ್ಟಿ. ಇದನ್ನು ಹೇಳಿದಾಗ ದೊಡ್ಡಪ್ಪ ಬಾಯಿಗೆ ಇಟ್ಟ ತುತ್ತು ಹಾಗೇ ನಿಂತಿತು. "ಅಂಚು ಇರುವ ಸೆರಗು ಅಂತ ಬರಿ, ಊಟದ ಹೊತ್ತಿಗೆ ಅದೆಲ್ಲ ಬೇಡ" ಅಂದರು ದೊಡ್ಡಮ್ಮ. ಸರಿಯಾಗಿಯೇ ಹೇಳಿದರು. ಸೆರಗುಗಲ್ಲು.

ಗುಹೆಯ ನೆಲದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ನೀರು ನಿಲ್ಲಿಸುವ ಸಣ್ಣ ಗೋಡೆಗಳು, ರಿಮ್‌ಸ್ಟೋನ್. ದೊಡ್ಡಪ್ಪ ಚಿತ್ರ ನೋಡಿದ್ದೇ, "ಇದು ಕಟ್ಟ ಅಲ್ವಾ?" ಅಂದರು. ಮಳೆ ಮುಗಿದ ಮೇಲೆ ತೋಡಿಗೆ ಅಡ್ಡ ಹಾಕುತ್ತೇವಲ್ಲ, ಅದೇ. ಹೋದ ನೀರೇ ತನಗೆ ತಾನು ಕಟ್ಟ ಕಟ್ಟಿಕೊಂಡಿದೆ ಅನ್ನುವುದು ಅವರಿಗೆ ಬಹಳ ಹಿಡಿಸಿತು. ಎರಡು ಸಲ ಹೇಳಿಕೊಂಡರು. ಪಾಪ್‌ಕಾರ್ನ್ ಅನ್ನುವ ಗಂಟುಗಂಟು ಕಲ್ಲು ಹೊದಳಾಯಿತು.

ಮೂನ್‌ಮಿಲ್ಕ್ ಹತ್ತಿರ ಜಗಳವಾಯಿತು. ಗುಹೆಯ ಗೋಡೆಯಲ್ಲಿ ಆಗುವ ಮೆತ್ತಗಿನ ಬಿಳಿ ವಸ್ತು ಅದು. ದೊಡ್ಡಪ್ಪ ಶೇಡಿ ಅಂತಲೇ ಹಠ. ನೋಡಲು ಹಾಗೆಯೇ ಇದೆ, ಒಪ್ಪುತ್ತೇನೆ. ಆದರೆ ಶೇಡಿ ಜೇಡಿಮಣ್ಣು, ಇದು ಹೆಚ್ಚಾಗಿ ಸುಣ್ಣದ ಹರಳು. ಶೇಡಿಯನ್ನು ದಿನಾ ನೋಡುವ ಮಗು ಎರಡೂ ಒಂದೇ ಅಂದುಕೊಂಡರೆ ನಮ್ಮ ಒಳ್ಳೆಯ ಮಾತೇ ಸುಳ್ಳು ಪಾಠ ಹೇಳಿದ ಹಾಗಾಗುತ್ತದೆ. ಬಿಟ್ಟೆ. ಹೆಲಿಕ್ಟೈಟನ್ನೂ ಹಾಗೆಯೇ ಬಿಟ್ಟೆ. ಭೂಮಿ ಎಳೆಯುವುದನ್ನು ಲೆಕ್ಕಿಸದೆ ಅತ್ತ ಇತ್ತ ಸುರುಳಿ ತಿರುಗುವ ಕಲ್ಲು ಅದು. ಚಕ್ಕುಲಿ ಅಂದರು ದೊಡ್ಡಮ್ಮ. ಚಕ್ಕುಲಿಗೆ ಅಷ್ಟು ಸೊಕ್ಕಿಲ್ಲ.

ಸುಣ್ಣದಕಲ್ಲು ಕರಗಿ ಗುಹೆ, ಗುಂಡಿಗಳಾದ ನೆಲಕ್ಕೆ ಕಾರ್ಸ್ಟ್ ಅಂತಾರೆ. ಅದನ್ನು ಕನ್ನಡ ಮಾಡಲು ಹೋಗಲಿಲ್ಲ. ಅದು ಸ್ಲೊವೇನಿಯಾದ ಕಡೆಯ ಒಂದು ಸುಣ್ಣದಕಲ್ಲಿನ ಪ್ರಸ್ಥಭೂಮಿಯ ಹೆಸರು. ಊರ ಹೆಸರನ್ನು ಯಾರು ಅನುವಾದ ಮಾಡುತ್ತಾರೆ? ಮೇಘಾಲಯದಲ್ಲಿ 30 ಕಿಲೋಮೀಟರಿಗೂ ಮಿಕ್ಕಿದ ಗುಹೆ ಕ್ರೆಮ್ ಲಿಯತ್ ಪ್ರಾ. ಕ್ರೆಮ್ ಅಂದರೆ ಖಾಸಿ ಮಾತಿನಲ್ಲಿ ಗುಹೆ. ನಾವು ಗುಹೆಯ ಹೆಸರಿನಲ್ಲಿ ಅದನ್ನೂ ಇಟ್ಟುಕೊಂಡೇ ಹೇಳುತ್ತೇವಲ್ಲ. ನನಗೆ ಹೊರಗಿನ ಮಾತಿನ ಮೇಲೆ ಮುನಿಸಿಲ್ಲ. ಸುರಂಗ ಅನ್ನುವುದೇ ಗ್ರೀಕಿನ ಸಿರಿಂಕ್ಸ್, ಅಂದರೆ ಕೊಳವೆ ಅನ್ನುವ ಮಾತಿನಿಂದ ಸಂಸ್ಕೃತಕ್ಕೆ ಬಂದದ್ದು ಅಂತ ಭಾಷೆ ಬಲ್ಲವರು ಹೇಳುತ್ತಾರೆ. ಲ್ಯಾಟರೈಟ್ ಅಂತ ನಮ್ಮ ಮುರಕಲ್ಲಿಗೆ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್, ಮಲಪ್ಪುರದ ಅಂಗಾಡಿಪುರದಲ್ಲಿ ಜನ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ಕಟ್ಟುವುದನ್ನು ನೋಡಿ, ಲ್ಯಾಟಿನಿನಲ್ಲಿ ಇಟ್ಟಿಗೆಗಿರುವ ಮಾತನ್ನೇ ಇಟ್ಟ. ಅದು ಅಚ್ಚಾದದ್ದು 1807ರಲ್ಲಿ. ನಮ್ಮ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಉಂಟಲ್ಲ! ಅವನೂ ನೋಡಿಯೇ ಹೆಸರಿಟ್ಟದ್ದು.

ಮೇ ಕೊನೆಗೆ ಪಟ್ಟಿ ಮುಗಿಯಿತು. ಹದಿನಾರು ಕನ್ನಡ, ಆರು ಹಾಗೇ. ಗೆಳತಿ ಈ ಸಲ ಯೋಗಾಸನದ ಮಾತೆತ್ತಲಿಲ್ಲ. ಚಾರ್ಟನ್ನು ಒಂದು ಅಂಗಡಿಗೆ ಅಚ್ಚಿಗೆ ಕೊಟ್ಟೆವು. ಅಲ್ಲಿ ಟೈಪು ಮಾಡುವ ಹುಡುಗನಿಗೆ ಮಲಯಾಳ ಸಲೀಸು, ಕನ್ನಡ ಅಕ್ಷರ ನೋಡಿ ನೋಡಿ ಕುಟ್ಟುವುದು. ಅವಸರ ಇತ್ತು. ಕೊನೆಯ ಪ್ರೂಫನ್ನು ಮೊಬೈಲಿನ ಸಣ್ಣ ಪರದೆಯಲ್ಲಿ ನೋಡಿ ಸರಿ ಅಂದುಬಿಟ್ಟೆ. ಚಾರ್ಟು ಬಂತು. ಬಣ್ಣ ಚಂದ, ಕಾಗದ ಚಂದ. ನಡುವೆ ದಪ್ಪ ಅಕ್ಷರದಲ್ಲಿ: ಬೀಳಲುಗಲ್ಲು.

ಒಂದು ದೀರ್ಘ. ಇಪ್ಪತ್ತು ವರ್ಷದಿಂದ ಬೇರೆಯವರ ದೀರ್ಘ ತಿದ್ದಿ ಹೊಟ್ಟೆ ಹೊರೆದವಳು ನಾನು. ಗೆಳತಿ ಸಮಾಧಾನ ಮಾಡಿದಳು. "ಬಿಡು, ಬೀಳಲು ತಯಾರಾಗಿರುವ ಕಲ್ಲು ಅಂತ ಹೇಳ್ತೇನೆ." ಅದು ಇನ್ನೂ ಕೆಟ್ಟದು. ಬಿಳಿ ಸ್ಟಿಕ್ಕರಿನ ಮೇಲೆ ಕೈಯಲ್ಲಿ ಬರೆದು ಅಂಟಿಸಿ ಬಂದೆ. ಈಗ ಇಡೀ ಚಾರ್ಟಿನಲ್ಲಿ ಎದ್ದು ಕಾಣುವುದು ಅದೊಂದೇ.

ಜೂನಿನ ಎರಡನೇ ವಾರ. ಮಳೆ ಹಿಡಿದಿತ್ತು. ಇಂಟರ್‌ವಲ್ ಹೊತ್ತಿಗೆ ಗೆಳತಿಯ ಫೋನು. ಹಿಂದೆ ಮಕ್ಕಳ ಗಲಾಟೆ.

"ಇಲ್ಲಿ ನೀರಿನ ಟಾಂಕಿಯ ಸ್ಲ್ಯಾಬಿನ ಅಡಿಯಲ್ಲಿ ಮಕ್ಕಳು ಒಂದು ಹುಡುಕಿದ್ದಾರೆ ಮಾರಾಯ್ತಿ. ಬಿಳಿ ಉಂಟು. ಅರ್ಧ ಕ್ಲಾಸು ಬಿಳಲು ಅಂತದೆ, ಅರ್ಧ ದಂಟು ಅಂತದೆ. ಯಾವುದು?"

"ತುದಿಯಲ್ಲಿ ಹನಿ ಉಂಟಾ?"

"ಉಂಟು."

"ಹಾಗಾದರೆ ದಂಟೇ ಇರಬೇಕು. ಯಾರೂ ಮುಟ್ಟಬೇಡಿ ಅಂತ ಹೇಳು ಮೊದಲು."

ಆಚೆ ಸ್ವಲ್ಪ ಹೊತ್ತು ಗುಸುಗುಸು.

"ಮುಟ್ಟಿ ಆಯ್ತಂತೆ" ಅಂದಳು. "ಮುರಿದೂ ಆಯ್ತಂತೆ. ಒಳಗೆ ತೂತು ಉಂಟಂತೆ."